ಸಹಾಯ ಬೇಕ್ರಿ: ಕ್ರಿಸ್‌ಮಸ್ ಟೈಮಿನ್ಯಾಗ ಕಲಂಗುಟ್ ಟ್ರಾಫಿಕ್ ತಪ್ಪಿಸೋದ್ ಹ್ಯಾಂಗ?

ನಮಸ್ಕಾರ್ರಿ, ನಾವ್ ಬೆಳಗಾವಿ ಟಿಳಕವಾಡಿ ಮಂದಿ, ಕ್ರಿಸ್‌ಮಸ್ ರಜಾಕ್ಕ ಅವ್ವಾ ಮತ್ತ ಸಣ್ಣ ಹುಡುಗ್ರನ್ನ ಕರ್ಕೊಂಡು ಕಾರಿನ್ಯಾಗ ಗೋವಾಕ್ಕ ಹೊಂಟೀವಿ, ರೂಮ್ ನಾರ್ತ್ ಗೋವಾದ ಕಲಂಗುಟ್-ಬಾಗಾ ಬೀಚ್ ಕಡೆ ರೋಡಿನ್ಯಾಗ ಬುಕ್ ಆಗೈತಿ, ರೊಕ್ಕ ವಾಪಸ್ ಬರಂಗಿಲ್ಲ, ಅದಕ್ಕ ಸೌತ್ ಗೋವಾಕ್ಕ ಹೋಗ್ರಿ ಅಂತ ಹೇಳಬ್ಯಾಡ್ರಿ ಪ್ಲೀಸ್. ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್ ಇಳದು ಸಾಖಳಿ, ಡಿಚೋಲಿ, ಮಾಪ್ಸಾ ತನಕಾ ಏನ್ ತ್ರಾಸ್ ಇಲ್ಲ. ಖರೇ ತ್ರಾಸ್ ಶುರು ಆಗೋದ ಅಲ್ಲಿಂದ ಮುಂದ. ಬಾಗಾ ಕಡೆ ರೋಡ್ ಸಣ್ಣದು, ಎರಡೂ ಕಡೆ ಅಂಗಡಿ, ನಡುವ ಬಾಡಿಗಿ ಸ್ಕೂಟರ್, ಟ್ಯಾಕ್ಸಿ, ಟೂರಿಸ್ಟ್ ಬಸ್ ಎಲ್ಲಾ ಸೇರಿ ಕಾರ್ ಮಿಸುಕಾಡಂಗಿಲ್ಲ. ಹೋದ ವರ್ಷ ನಸುಕಿನ್ಯಾಗ ಬಿಟ್ಟು ನೋಡಿದ್ವಿ, ಒಳಗ ಹೋಗೋದೇನೋ ಸಲೀಸ್ ಆತು, ಆದ್ರ ಸಂಜಿಕ್ಕ ಊಟಕ್ಕ ಅಂತ ಕಾರ್ ಹೊರಗ ತಗದ್ರ ಮುಗೀತ್ರಿ. ಮ್ಯಾಪ್ ನಂಬಿ ಪರ್ರಾ ಓಣಿಯೊಳಗ ಹೊಕ್ರ ಅಲ್ಲೂ ಅದ ಮಂದಿ, ಎಲ್ಲಾರ ಫೋನೂ ಅದ ದಾರಿ ತೋರಸ್ತೈತಲ್ಲ! ಹೋಟೆಲ್‌ನವ್ರಿಗೆ ಪಾರ್ಕಿಂಗ್ ಕೇಳಿದ್ರ ಮೊದಲ ಬಂದವ್ರಿಗೆ ಜಾಗಾ ಅಂತಾರ.

ಸ್ಕೂಟರ್ ತಗೋಬೋದು, ಆದ್ರ ಅವ್ವಗ ಮೊಣಕಾಲ್ ನೋವು, ಆಕಿ ಹಿಂದ ಕೂಡಂಗಿಲ್ಲ. ಮಾಪ್ಸಾದಿಂದ ಲೋಕಲ್ ಬಸ್ ಅದಾವು, ಲಗೇಜ್ ಹಿಡ್ಕೊಂಡ್ ಹತ್ತೋದ್ ಕಷ್ಟ.

ಈಗ ನಂಗ ತಿಳೀವಲ್ದಾಗಿದ್ದು ಇಷ್ಟ: ಮಾಪ್ಸಾದಾಗ ಪೇ ಪಾರ್ಕಿಂಗ್ ಹುಡುಕಿ ಕಾರ್ ಬಿಟ್ಟು ಟ್ಯಾಕ್ಸಿಲೇ ಹೋಗೋದ್ ಚಲೋನೋ, ಇಲ್ಲಾ ಪರ್ವರಿ, ನೆರುಲ್, ಕಾಂದೋಳಿ ಕಡಿಂದ ಸುತ್ತಿ ಕಾರ್ ತಗೊಂಡ ಒಳಗ ಹೋಗೋದ್ ಚಲೋನೋ? ಡಿಸೆಂಬರ್ ಕಡೀ ವಾರದಾಗ ಹೋಗಿಬಂದವ್ರು ಯಾರರ ಹೇಳ್ರಿ, ಮಾಪ್ಸಾದಾಗ ರಾತ್ರಿ ಕಾರ್ ಬಿಡಾಕ ಭರೋಸಾದ ಜಾಗಾ ಗೊತ್ತಿದ್ರ ಅದನ್ನೂ ತಿಳಸ್ರಿ.