ಅಪ್‌ಡೇಟ್: ಇಬ್ಬರ ವಯಸ್ಸು ಸೇರಿ 87, ದತ್ತು ಸಾಧ್ಯವೇ?

ಪುಣೆಯಲ್ಲಿರುವ ನಾವು ದತ್ತು ಪಡೆಯಲು ತಡವಾಯಿತೇ ಎಂದು ಈ ಹಿಂದೆ ಇಲ್ಲಿ ಕೇಳಿದ್ದೆ, ಹಲವರು ಸಲಹೆ ಕೊಟ್ಟಿದ್ದಿರಿ. ತಡವಾಗಿಲ್ಲ! ಆದರೆ ಎರಡು ವರ್ಷದೊಳಗಿನ ಕೂಸಿಗೆ ದಂಪತಿಯ ಒಟ್ಟು ವಯಸ್ಸಿನ ಮಿತಿ 85. ಆ ಆಸೆ ಬಿಡಬೇಕಾಯಿತು. ಎರಡರಿಂದ ನಾಲ್ಕು ವರ್ಷದ ಮಗುವಿಗೆ ದಂಪತಿಯ ಒಟ್ಟು ಮಿತಿ 90, ಒಂಟಿ ಪೋಷಕರಾದರೆ 45. ನೋಂದಣಿಯ ದಿನದ ವಯಸ್ಸೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ‘ಮೊದಲು ಕಾರಾ (ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಪ್ರಾಧಿಕಾರ) ಜಾಲತಾಣದಲ್ಲಿ ಹೆಸರು ನೋಂದಾಯಿಸಿ’ ಎಂದ ಬೆಳಗಾವಿಯ ಅಕ್ಕನ ಸಲಹೆಯೇ ಕೈಹಿಡಿಯಿತು.

‘ನರ್ಸಿಂಗ್ ಹೋಮ್‌ನಲ್ಲಿ ನೇರವಾಗಿ ವಿಚಾರಿಸಿ’ ಎಂದವರು ದಯವಿಟ್ಟು ಇನ್ನಾರಿಗೂ ಹಾಗೆ ಹೇಳಬೇಡಿ. ಮಗುವನ್ನು ಹಣ ಕೊಟ್ಟು ಪಡೆದರೆ ಐದು ವರ್ಷದವರೆಗೆ ಜೈಲು. ವಕೀಲರನ್ನು ಹಿಡಿಯಿರಿ ಎಂಬ ಸಲಹೆಯೂ ನಮಗೆ ಬೇಕಾಗಲಿಲ್ಲ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ.

ನಾನು ಹೆದರಿದ್ದು ಗೃಹ ಅಧ್ಯಯನಕ್ಕೆ, ಅಂದರೆ ಸಮಾಜ ಕಾರ್ಯಕರ್ತರು ಮನೆಗೇ ಬಂದು ನಮ್ಮನ್ನು ಪರಿಶೀಲಿಸುವುದಕ್ಕೆ. ಮನೆ ಒರೆಸಿ ಒರೆಸಿ ಸೋತಿದ್ದೆ. ಬಂದ ಸಮಾಜ ಕಾರ್ಯಕರ್ತೆ ನೆಲದತ್ತ ನೋಡಲೇ ಇಲ್ಲ. ಮರಾಠಿ ಬಾರದ ನಮ್ಮ ಅತ್ತೆಯನ್ನೇ ಹೆಚ್ಚು ಮಾತಾಡಿಸಿದರು, ನಡುವೆ ನನ್ನ ದುಭಾಷಿತನ! ದತ್ತು ವಿಷಯ ಮಗುವಿಗೆ ಯಾವಾಗ ಹೇಳುತ್ತೀರಿ ಎಂದು ಕೇಳಿದಾಗ ಅತ್ತೆ, ‘ಮೊದಲ ದಿನದಿಂದಲೇ, ಕಥೆಯ ಹಾಗೆ’ ಎಂದರು. ನಾವಿಬ್ಬರೂ ಅಷ್ಟು ಯೋಚಿಸಿರಲಿಲ್ಲ.

ಈ ಅಧ್ಯಯನದ ವರದಿ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಈಗ ಸರದಿಯಲ್ಲಿದ್ದೇವೆ. ಮಗುವಿನ ವಿವರ ಬಂದರೆ 48 ಗಂಟೆಯೊಳಗೆ ಆ ಮಗುವನ್ನು ನಮಗಾಗಿ ಕಾಯ್ದಿರಿಸಿಕೊಳ್ಳಬೇಕು; ಮೊಬೈಲ್ ಸಂಖ್ಯೆ ಬದಲಿಸಿದವರು ಜಾಲತಾಣದಲ್ಲೂ ತಿದ್ದಿಸಿಕೊಳ್ಳಿ.