ಮೂರು ಗಂಟೆಯ ಒಡ್ಡೋಲಗ

ಶೆಟ್ರು ಹೋಟೆಲಿಗೆ ಬಂದವರೇ ಗೋಳಿಬಜೆಯ ಪ್ಲೇಟನ್ನು ಪಕ್ಕಕ್ಕೆ ಸರಿಸಿದರು. ಶೆಟ್ರು ಗೋಳಿಬಜೆ ಸರಿಸಿದರೆ ವಿಷಯ ಸಣ್ಣದಲ್ಲ ಅಂತ ಉಡುಪಿಯ ರಥಬೀದಿಗೆಲ್ಲ ಗೊತ್ತು.

“ಅವತಾರ್ ಎರಡನೇ ಭಾಗ ನೋಡಿ ಬಂದೆ ಮಾರಾಯ್ರೆ. ತ್ರೀಡಿಯಲ್ಲಿ. ಮೀನು ಮೂಗಿನ ಹತ್ರವೇ ಈಜುತ್ತದೆ!”

“ಎಂತ ಮೀನು?” ಕಾಮತ್ರ ಕಿವಿ ನೆಟ್ಟಗಾಯಿತು.

“ಹೆಸರು ಗೊತ್ತಿಲ್ಲ. ಹೊಳೆಯುವ ಮೀನು.”

“ಅಷ್ಟು ದುಡ್ಡು ಕೊಟ್ಟು ಸಮುದ್ರ ನೋಡೋದು, ಒಂದು ಬಂಗುಡೆ ಇಲ್ಲ. ಮಲ್ಪೆಯಲ್ಲಿ ಸಮುದ್ರ ಬಿಟ್ಟಿ. ಅದೂ ತ್ರೀಡಿಯೇ.”

ಭಟ್ರು ಕಾಫಿ ಆರಿಸುತ್ತಾ ಕೇಳಿದರು, “ಕತೆ ಎಂತ?”

ಶೆಟ್ರು ಬಾಯಿ ತೆರೆದರು. ಮುಚ್ಚಿದರು. ಒಂದು ಗೋಳಿಬಜೆ ತಿಂದರು.

“ಕತೆ ಉಂಟು. ನೀಲಿ ಬಣ್ಣದವರು. ಅವರ ಕಾಡಿಗೆ ಮನುಷ್ಯರು ನುಗ್ಗುತ್ತಾರೆ. ಇವರು ಓಡಿ ಸಮುದ್ರದ ಹತ್ರ ಹೋಗ್ತಾರೆ. ಅಲ್ಲಿಗೂ ನುಗ್ಗುತ್ತಾರೆ.”

“2009ರ ಮೊದಲ ಭಾಗದಲ್ಲೂ ನುಗ್ಗಿದ್ದರಲ್ಲ?”

“ಅದು ಕಾಡು. ಇದು ನೀರು.”

“ಹಾಗಾದ್ರೆ ಹಳೇ ಕತೆಯನ್ನು ನೀರಲ್ಲಿ ಅದ್ದಿ ತೆಗೆದರು. ನೋಡಿ ಶೆಟ್ರೆ, ನಮ್ಮ ಯಕ್ಷಗಾನದ ಆಟದಲ್ಲಿ ಒಡ್ಡೋಲಗ ಅಂತ ಉಂಟಲ್ಲ? ವೇಷ ಬರುತ್ತದೆ, ಕುಣಿಯುತ್ತದೆ, ನಮಗೂ ಖುಷಿ. ಆಮೇಲೆ ಭಾಗವತರು ಪದ ಎತ್ತಬೇಕು, ಪ್ರಸಂಗ ಸುರುವಾಗಬೇಕು. ಇದು 192 ನಿಮಿಷವೂ ಒಡ್ಡೋಲಗವೇ. ಕಾಫಿಗೆ ಹೋದ ಭಾಗವತರು ಬರಲೇ ಇಲ್ಲ.”

“13 ವರ್ಷ ಕಷ್ಟಪಟ್ಟಿದ್ದಾರೆ ಭಟ್ರೆ! 2022ರಲ್ಲಿ ಬಂದದ್ದು.”

“ಅದೇ ಹೇಳಿದ್ದು. 13 ವರ್ಷ ಚೌಕಿಯಲ್ಲೇ ಕೂತು ಬಣ್ಣ ಹಚ್ಚಿದರು. ನಮ್ಮ ಬಣ್ಣದ ವೇಷದವರು ಚುಟ್ಟಿ ಇಡಲಿಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತಗೊಂಡರೇ ಮೇಳದವರ ಮಂಡೆ ಬಿಸಿಯಾಗ್ತದೆ.”

“ಅಲ್ಲ, ಆ ಮನುಷ್ಯರಿಗೆ ಅಲ್ಲಿ ಬೇಕಾದ್ದು ಎಂತ?” ಕಾಮತ್ರಿಗೆ ವ್ಯಾಪಾರದ ಚಿಂತೆ.

“ಮೊದಲನೆಯದರಲ್ಲಿ ಒಂದು ಖನಿಜ. ಅನಬ್ಟೇನಿಯಂ.”

“ಅಂದ್ರೆ?”

“ಸಿಗದ್ದು,” ಅಂದರು ಭಟ್ರು. “ಕತೆಗೂ ಅದೇ ಹೆಸರಿಡಬಹುದಿತ್ತು.”

“ಈ ಸಲ ತಿಮಿಂಗಿಲದಂಥ ಪ್ರಾಣಿಯ ತಲೆಯಿಂದ ತೆಗೆಯುವ ರಸ. ಅದಿದ್ದರೆ ಮನುಷ್ಯನಿಗೆ ಮುಪ್ಪೇ ಇಲ್ಲ. ಹೆಸರು ಅಮೃತ.”

“ಅವತಾರವೂ ನಮ್ಮದು, ಅಮೃತವೂ ನಮ್ಮದು. ಹೇಗೂ ಕಡ ತಗೊಂಡವರು ಮೋಹಿನಿಯನ್ನೂ ಕರ್ಕೊಂಡು ಹೋಗಿದ್ರೆ ಒಂದು ಕತೆಯಾದರೂ ಆಗ್ತಿತ್ತು.”

ಶೆಟ್ರು ಸೋಲೊಪ್ಪುವ ಜನ ಅಲ್ಲ. “ನೀವು ನೋಡಿದ್ರೆ ಗೊತ್ತಾಗ್ತಿತ್ತು. ಒಂದು ಬಾಣ ಸೀದಾ ನನ್ನ ಕಣ್ಣಿಗೇ ಬಂತು. ತಲೆ ತಗ್ಗಿಸಿಬಿಟ್ಟೆ!”

“ಹಿಂದಿನ ಸೀಟಿನವರಿಗೆ ತಾಗಿತಾ?” ಅಂದರು ಕಾಮತ್ರು.

ಭಟ್ರು ನಗಲಿಲ್ಲ. ಕಾಫಿಯ ಕೆನೆಯನ್ನು ಬೆರಳಲ್ಲಿ ತೆಗೆದು ಲೋಟದ ಅಂಚಿಗೆ ಒರೆಸಿದರು.

“ನಾನು ಹುಡುಗ. ದೇವಸ್ಥಾನದ ಅಂಗಣದಲ್ಲಿ ತಾಳಮದ್ದಲೆ, ಕೂತು ಮಾತಲ್ಲೇ ಆಡುವ ಯಕ್ಷಗಾನ. ಅರ್ಥಧಾರಿ ಶೇಣಿಯವರ ವಾಲಿ. ವೇಷ ಇಲ್ಲ, ಬಿಲ್ಲಿಲ್ಲ. ಒಂದು ಚಾಪೆ, ಒಂದು ಟ್ಯೂಬ್‌ಲೈಟು, ಅದಕ್ಕೆ ಮುತ್ತಿದ ಹುಳ. ಬಿಳಿ ಪಂಚೆ ಉಟ್ಟವರು ಕೂತಲ್ಲಿಂದಲೇ ರಾಮನನ್ನು ಕೇಳ್ತಾರೆ, ಮರೆಯಲ್ಲಿ ನಿಂತು ಹೊಡೆದದ್ದು ಯಾಕೆ ಅಂತ. ನಮ್ಮಪ್ಪ ಎಲೆಗೆ ಸುಣ್ಣ ಹಚ್ಚಿದವರು ಬಾಯಿಗೆ ಹಾಕಲೇ ಇಲ್ಲ. ಕೂಟ ಮುಗಿಯುವಾಗ ಎಲೆ ಕೈಯಲ್ಲೇ ಬಾಡಿತ್ತು.” ಸ್ವಲ್ಪ ಸುಮ್ಮನಿದ್ದರು. “ನಿಮ್ಮ ಬಾಣ ಥಿಯೇಟರಿನಲ್ಲೇ ಉಳಿಯಿತು ಶೆಟ್ರೆ. ವಾಲಿಗೆ ಬಿದ್ದದ್ದು ಇನ್ನೂ ಇಲ್ಲೇ ಉಂಟು.”

ಶೆಟ್ರು ಕರವಸ್ತ್ರ ತೆಗೆಯಲಿಕ್ಕೆ ಜೇಬಿಗೆ ಕೈ ಹಾಕಿದರು. ತ್ರೀಡಿ ಕನ್ನಡಕ ಬಂತು.

“ಅಯ್ಯೋ, ವಾಪಸ್ ಕೊಡಲಿಕ್ಕೆ ಮರೆತೇ ಹೋಯ್ತು!”

ಕಾಮತ್ರು ಅದನ್ನು ಹಾಕಿಕೊಂಡು ಚಟ್ನಿಯನ್ನೇ ದಿಟ್ಟಿಸಿದರು. “ಅಷ್ಟೇ ಉಂಟು. ಜಾಸ್ತಿ ಆಗಲಿಲ್ಲ.”

“ಈಗಲೂ ಕೂಟ ಆಗ್ತದಾ ಭಟ್ರೆ?” ಶೆಟ್ರ ದನಿ ಇಳಿದಿತ್ತು.

“ಬರುವ ಶನಿವಾರ ಉಂಟು.”

“ಜನ ಬರ್ತಾರಾ?”

“ಕಳೆದ ಸಲ ಎಂಟು ಜನ. ಅದರಲ್ಲಿ ಇಬ್ಬರು ಮೈಕಿನವರು.”

ಕಾಮತ್ರು ಕನ್ನಡಕ ತೆಗೆದಿಟ್ಟು, ಎಂದೂ ಇಲ್ಲದ ಹಾಗೆ, ಬಿಲ್ಲನ್ನು ತಮ್ಮ ಕಡೆ ಎಳೆದುಕೊಂಡರು.