ಮಳೆಗಾಲದಲ್ಲಿ ನ್ಯಾನೋನಾರಿನ ಎಪಾಕ್ಸಿ ಪಟ್ಟಿಗಳು ಬೇಗ ಮುರಿಯುತ್ತಿವೆ: ಕಾರಣವೇನು?

ಪ್ರಶ್ನೆ (ತೀರ್ಥಹಳ್ಳಿಯಿಂದ):
ಪಾಲಿಅಕ್ರಿಲೋನೈಟ್ರೈಲ್ ಎಂಬ ಪಾಲಿಮರನ್ನು ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರಾವಕವಾದ ಡಿಎಂಎಫ್‌ನಲ್ಲಿ ಶೇ. 10ರಷ್ಟು ಕರಗಿಸಿ, 18 ಕಿಲೋವೋಲ್ಟ್ ಕೊಟ್ಟು, 10 ಸೆಂ.ಮೀ. ವ್ಯಾಸದ ತಿರುಗುವ ಡ್ರಮ್ಮಿನ ಮೇಲೆ ಎಲೆಕ್ಟ್ರೋಸ್ಪಿನ್ನಿಂಗ್ (ಸೂಜಿಯಿಂದ ಹೊರಡುವ ದ್ರಾವಣವನ್ನು ಹೈವೋಲ್ಟೇಜಿನಿಂದ ಎಳೆದು ಅತಿ ಸಣ್ಣ ನಾರಾಗಿಸುವುದು) ಮಾಡುತ್ತೇನೆ. ಸಿಕ್ಕ ನಾರಿನ ಪದರವನ್ನು ಎಪಾಕ್ಸಿಯಲ್ಲಿ (ಗಟ್ಟಿಯಾಗುವ ರಾಳ) ನೆನೆಸಿ ಪಟ್ಟಿ ಮಾಡುತ್ತೇನೆ. ಬೇಸಿಗೆಯ ಪಟ್ಟಿಗಳು ಬರಿಯ ಎಪಾಕ್ಸಿಗಿಂತ ಗಟ್ಟಿಯಾಗಿದ್ದವು. ಮಳೆ ಹಿಡಿದ ಮೇಲೆ ಮಾಡಿದವು ಬರಿಯ ಎಪಾಕ್ಸಿಗಿಂತಲೂ ಬೇಗ ಮುರಿಯುತ್ತಿವೆ, ಸೂಜಿಯ ತುದಿಯೂ ಪದೇ ಪದೇ ಕಟ್ಟಿಕೊಳ್ಳುತ್ತಿದೆ. ಡ್ರಮ್ಮಿನ ವೇಗ ನಿಮಿಷಕ್ಕೆ 800 ಸುತ್ತು. ಎಪಾಕ್ಸಿಯನ್ನು ಬದಲಿಸಬೇಕೇ?

ಉತ್ತರ (ಶಿವಮೊಗ್ಗದಿಂದ):
ಎಪಾಕ್ಸಿಯನ್ನು ಸದ್ಯಕ್ಕೆ ಮುಟ್ಟಬೇಡಿ ಸರ್. ಸೂಜಿ ಕಟ್ಟಿಕೊಳ್ಳುವುದೇ ಮುಖ್ಯ ಸುಳಿವು. ಈ ಪಾಲಿಮರ್ ನೀರಿನಲ್ಲಿ ಕರಗುವುದಿಲ್ಲ, ಡಿಎಂಎಫ್ ಮಾತ್ರ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ನಮ್ಮ ಆಷಾಢದ ಗಾಳಿಯಲ್ಲಿ ದ್ರಾವಣದ ಎಳೆ ಡ್ರಮ್ಮನ್ನು ತಲುಪುವ ಮೊದಲೇ ಪಾಲಿಮರ್ ಬೇರ್ಪಟ್ಟು ಹೆಪ್ಪುಗಟ್ಟುತ್ತದೆ, ನಾರಿನ ಒಳಗೆ ರಂಧ್ರಗಳು ಉಳಿಯುತ್ತವೆ. ಅಂಥ ನಾರು ಭಾರ ಹೊರುವುದಿಲ್ಲ. ನಾರು ತೆಗೆಯುವ ಪೆಟ್ಟಿಗೆಯೊಳಗಿನ ತೇವಾಂಶವನ್ನು ಶೇ. 40ರ ಆಸುಪಾಸಿಗೆ ಇಳಿಸಿ ಮತ್ತೆ ನೋಡಿ.

ನಾರು ಒಂದೇ ದಿಕ್ಕಿಗೆ ಸಾಲಾಗಿ ಕೂರಲು ಡ್ರಮ್ಮಿನ ವೇಗವೂ ಸಾಲದು. 800 ಸುತ್ತಿಗೆ ಡ್ರಮ್ಮಿನ ಮೇಲ್ಮೈ ಸೆಕೆಂಡಿಗೆ ಸುಮಾರು 4 ಮೀಟರ್ ಮಾತ್ರ ಚಲಿಸುತ್ತದೆ. 2000 ಸುತ್ತಿಗೆ ಏರಿಸಿದರೆ ಅದು 10 ಮೀಟರ್ ದಾಟುತ್ತದೆ. ನಾರು ಸಾಲಾಗಿ ಕೂತಿದೆಯೇ ಎಂದು ತಿಳಿಯಲು ಒಣಗಿದ ಪದರದ ಅಂಚನ್ನು ಹರಿದು ನೋಡಿ: ಸುತ್ತಿದ ದಿಕ್ಕಿನಲ್ಲಿ ಅಡಿಕೆ ಹಾಳೆಯಂತೆ ಸಲೀಸಾಗಿ ಸೀಳಬೇಕು, ಅಡ್ಡಕ್ಕೆ ಹರಿಯಲು ಒಪ್ಪಬಾರದು. ಎರಡೂ ಕಡೆ ಒಂದೇ ರೀತಿ ಹರಿದರೆ ನಾರು ಅಡ್ಡಾದಿಡ್ಡಿ ಬಿದ್ದಿದೆ ಎಂದರ್ಥ, ಮತ್ತು ಒಂದೇ ಸಮತಲದಲ್ಲಿ ಹಾಗೆ ಹರಡಿದ ನಾರಿನಿಂದ ಬಿಗಿತಕ್ಕೆ ಸಿಗುವ ನೆರವು ಸಾಲುನಾರಿನ 3/8 ಭಾಗ ಮಾತ್ರ.

ಪ್ರಶ್ನೆ:
ಧನ್ಯವಾದಗಳು ಸರ್. ಪೆಟ್ಟಿಗೆಯೊಳಗೆ ಬಲ್ಬ್ ಉರಿಸಿ ತೇವ ತೆಗೆಯಬಹುದೇ?

ಉತ್ತರ:
ದಯವಿಟ್ಟು ಬೇಡ. ಡಿಎಂಎಫ್ ಆವಿಗೆ ಬೆಂಕಿ ಹತ್ತುತ್ತದೆ, ಪಕ್ಕದಲ್ಲೇ ಹೈವೋಲ್ಟೇಜ್ ಇದೆ. ಆ ಆವಿ ಯಕೃತ್ತಿಗೂ ಹಾನಿಕರವಾದ್ದರಿಂದ ಎಕ್ಸಾಸ್ಟ್ ನಿಲ್ಲಿಸುವಂತಿಲ್ಲ. ಆದರೆ ಎಕ್ಸಾಸ್ಟ್ ಹೊರಗಿನ ಹಸಿಗಾಳಿಯನ್ನು ಒಳಗೆ ಎಳೆಯುತ್ತದೆ. ಆದ್ದರಿಂದ ಇಡೀ ಕೋಣೆಗೆ ಡಿಹ್ಯೂಮಿಡಿಫೈಯರ್ ಹಾಕಿ, ಇಲ್ಲವೇ ಸಿಲಿಕಾ ಜೆಲ್ ಮೂಲಕ ಹಾಯಿಸಿದ ಗಾಳಿಯನ್ನು ಪೆಟ್ಟಿಗೆಗೆ ಕೊಡಿ.

ಪದರವನ್ನು ತೆಳ್ಳಗೆ ಇಡಿ. ದಪ್ಪವಾದಷ್ಟೂ ಕೆಳಗಿನ ನಾರಿನಲ್ಲಿ ಉಳಿದ ವಿದ್ಯುದಾವೇಶ ಮೇಲೆ ಬೀಳುವ ನಾರನ್ನು ದೂರ ತಳ್ಳಿ ಸಾಲು ಕೆಡಿಸುತ್ತದೆ. ಡಿಎಂಎಫ್ ಕುದಿಯುವುದು 153 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತಾನಾಗಿ ಬೇಗ ಆರುವುದಿಲ್ಲ. ಪದರಗಳನ್ನು ನಿರ್ವಾತ ಒಲೆಯಲ್ಲಿ 60 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿದ ನಂತರವೇ, ಗುಳ್ಳೆ ತೆಗೆದ ಎಪಾಕ್ಸಿಯಲ್ಲಿ ನೆನೆಸಿ ಒತ್ತಡದಲ್ಲಿ ಗಟ್ಟಿಯಾಗಲು ಬಿಡಿ. ಪಟ್ಟಿಗಳನ್ನು ನಾರಿನ ಉದ್ದಕ್ಕೂ ಅಡ್ಡಕ್ಕೂ ಕತ್ತರಿಸಿ ಬೇರೆ ಬೇರೆಯಾಗಿ ಎಳೆದು ಪರೀಕ್ಷಿಸಿ, ಎರಡೂ ಫಲಿತಾಂಶಗಳನ್ನು ಇಲ್ಲಿ ಹಾಕಿ.